ಕೂಲಿಪಟ್ಟಿಯನ್ನು ಓದುವ ಬಗೆ



ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವವನು. ಪಂಡಿತ ಪರೀಕ್ಷೆಗೆಂದು ಓದಿದ ಕಾವ್ಯ, ವ್ಯಾಕರಣ, ಛಂದಸ್ಸಿನ ಗ್ರಂಥಗಳು ಇಂದಿಗೂ ನನ್ನ ಮೇಜಿನ ಮೇಲೆಯೇ ಇವೆ. ಆದರೆ ದಿನ ಬೆಳಗಾದರೆ ನಾನು ಮೊದಲು ಕೈಗೆತ್ತಿಕೊಳ್ಳುವುದು ಅವುಗಳಲ್ಲಿ ಯಾವುದನ್ನೂ ಅಲ್ಲ, ಹಾಜರಿ ಪುಸ್ತಕವನ್ನು. ಹೆಸರು ಕೂಗುವುದು, ಹುಡುಗ ‘ಬಂದಿದ್ದೇನೆ’ ಎನ್ನುವುದು, ನಾನು ತಲೆಯೆತ್ತಿ ನೋಡಿ ಗುರುತು ಹಾಕುವುದು. ಇಷ್ಟೇ ಕೆಲಸ. ಆದರೂ ತಲೆಯೆತ್ತಿ ನೋಡದೆ ಗುರುತು ಹಾಕಿದ ದಿನ ಆ ಪುಸ್ತಕ ಸುಳ್ಳು ಹೇಳತೊಡಗುತ್ತದೆ. ಇಂಥದೇ ಇನ್ನೊಂದು ಪುಸ್ತಕದ ವಿಷಯವನ್ನು ಇಂದು ತಮ್ಮ ಮುಂದಿಡುತ್ತೇನೆ. ರಸ್ತೆ, ಕೆರೆ, ಕಾಲುವೆ, ಆಸ್ಪತ್ರೆ, ಶಾಲೆ ಮುಂತಾದ ಸರ್ಕಾರಿ ಕಾಮಗಾರಿಗಳಲ್ಲಿ ದುಡಿಯುವವರ ಹಾಜರಿ ಮತ್ತು ಕೂಲಿಗಳನ್ನು ಬರೆದಿಡುವ ಪುಸ್ತಕವದು. ಕಚೇರಿಗಳಲ್ಲಿ ಅದಕ್ಕೆ ಮಸ್ಟರ್ ರೋಲ್ ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಎನ್.ಎಂ.ಆರ್. ಎಂಬ ಮೂರಕ್ಷರವೇ ರೂಢಿಯಾಗಿದೆ.

ಪಂಡಿತನಿಗೆ ಈ ವಿಷಯವೇಕೆ ಎಂದು ತಾವು ಕೇಳಬಹುದು. ಕಾರಣ ಹೇಳುತ್ತೇನೆ. ನಮ್ಮ ಶಾಲೆಯ ಹಿಂದೆ ಒಂದು ಚರಂಡಿ ಕೆಲಸ ನಡೆದಿತ್ತು. ನನ್ನ ವಿದ್ಯಾರ್ಥಿಯೊಬ್ಬನ ತಾಯಿ ಅಲ್ಲಿ ಮಣ್ಣು ಹೊರುತ್ತಿದ್ದರು. ಬಟವಾಡೆಯಾದ ದಿನ ಸಂಜೆ ಆಕೆ ಶಾಲೆಯ ಜಗಲಿಗೆ ಬಂದು ನಿಂತರು. “ಮೇಷ್ಟ್ರೇ, ಹೆಬ್ಬೆಟ್ಟು ಒತ್ತಿ ಬಂದೆ. ಎಷ್ಟಕ್ಕೆ ಒತ್ತಿದೆ ಅಂತ ಗೊತ್ತಾಗಲಿಲ್ಲ. ಕೇಳೋಕೆ ನಾಚಿಕೆ ಆಯ್ತು” ಎಂದರು. ಕೈಯಲ್ಲಿ ನೋಟುಗಳಿದ್ದವು, ಚೀಟಿ ಇರಲಿಲ್ಲ. ಪಟ್ಟಿಯಲ್ಲಿ ಏನು ಬರೆದಿತ್ತೋ ಆಕೆಗೂ ತಿಳಿಯದು, ನನಗೂ ತಿಳಿಯದು. ಅಂದಿನಿಂದ ಈ ಪಟ್ಟಿಯನ್ನು ಓದುವ ಬಗೆಯನ್ನು ಕಲಿಯಲು ಹೊರಟೆ. ಕಲಿತುದನ್ನು ಹಂಚಿಕೊಳ್ಳುವುದು ಉಪಾಧ್ಯಾಯನ ಧರ್ಮವಷ್ಟೆ.

ಮೊದಲು ಶಬ್ದಗಳ ವಿಚಾರ. ‘ಮಸ್ಟರ್’ ಎಂಬ ಇಂಗ್ಲಿಷ್ ಶಬ್ದದ ಮೂಲ ಲ್ಯಾಟಿನ್ನಿನಲ್ಲಿದೆ. ‘ತೋರಿಸು’ ಎಂದು ಅದರ ಅರ್ಥ. ‘ರೋಲ್’ ಎಂದರೆ ಸುರುಳಿ. ಎಂದರೆ, ಇಷ್ಟು ಜನ ಬಂದಿದ್ದಾರೆಂದು ತೋರಿಸಿಕೊಡುವ ಸುರುಳಿಯೇ ಮಸ್ಟರ್ ರೋಲ್. ‘ಹಾಜರಿ’ ಅರಬ್ಬಿಯಿಂದ ಬಂದುದು. ‘ಸಂಬಳ’ಕ್ಕೆ ಸಂಸ್ಕೃತದಲ್ಲಿ ದಾರಿಯ ಬುತ್ತಿ ಎಂಬ ಅರ್ಥವುಂಟು. ಉತ್ತರ ಕರ್ನಾಟಕದವರು ಹೇಳುವ ‘ಪಗಾರ’ ಪೋರ್ಚುಗೀಸರು ಬಿಟ್ಟುಹೋದ ಮಾತು. ‘ಕೂಲಿ’ ನಮ್ಮದೇ. ಇನ್ನೊಂದು ಶಬ್ದವನ್ನು ತಾವು ನೆನಪಿನಲ್ಲಿಡಬೇಕು: ‘ಬಿಟ್ಟಿ’. ಇದು ಸಂಸ್ಕೃತದ ‘ವಿಷ್ಟಿ’ಯ ತದ್ಭವ, ಕೂಲಿ ಕೊಡದೆ ಬಲವಂತದಿಂದ ಮಾಡಿಸುವ ಕೆಲಸಕ್ಕೆ ಈ ಹೆಸರು. ಕೂಲಿ ಮತ್ತು ಬಿಟ್ಟಿ, ಈ ಎರಡರ ನಡುವೆ ಗೆರೆ ಎಳೆಯುವ ಕಾಗದವೇ ನಾವು ಹೇಳಹೊರಟ ಪಟ್ಟಿ.

ಈ ಪಟ್ಟಿ ನಿನ್ನೆ ಮೊನ್ನೆಯದಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಈಜಿಪ್ಟಿನ ಸುಣ್ಣಕಲ್ಲಿನ ಚಕ್ಕೆಯೊಂದಿದೆ. ಸುಮಾರು ೩,೨೦೦ ವರ್ಷಗಳ ಹಿಂದೆ, ಎರಡನೆಯ ರಾಮ್ಸೆಸ್ ಅರಸನ ಕಾಲದಲ್ಲಿ, ರಾಜರ ಸಮಾಧಿಗಳನ್ನು ಕಡೆಯುತ್ತಿದ್ದ ಕೆಲಸಗಾರರ ಹಾಜರಿಯನ್ನು ಅದರ ಮೇಲೆ ಬರೆದಿದ್ದಾರೆ. ೪೦ ಹೆಸರುಗಳಿವೆ. ಬಾರದವನು ಏಕೆ ಬರಲಿಲ್ಲವೆಂಬ ಕಾರಣವೂ ಇದೆ: ಒಬ್ಬನಿಗೆ ಕಾಯಿಲೆ, ಇನ್ನೊಬ್ಬನಿಗೆ ಚೇಳು ಕಚ್ಚಿತ್ತು. ಮುಂದೆ ಮೂರನೆಯ ರಾಮ್ಸೆಸನ ಕಾಲದಲ್ಲಿ ಇದೇ ಊರಿನ ಕೆಲಸಗಾರರು ಕೂಲಿಯ ಧಾನ್ಯ ಹೊತ್ತಿಗೆ ಬಾರದೆ ಕೆಲಸ ನಿಲ್ಲಿಸಿ ಕುಳಿತದ್ದೂ ಬರವಣಿಗೆಯಲ್ಲಿ ಉಳಿದಿದೆ. ನಮ್ಮ ಕೌಟಿಲ್ಯನೂ ಕಡಮೆಯವನಲ್ಲ; ಅಧಿಕಾರಿಗಳು ರಾಜದ್ರವ್ಯವನ್ನು ನುಂಗುವ ನಲವತ್ತು ಬಗೆಗಳನ್ನು ಅರ್ಥಶಾಸ್ತ್ರದಲ್ಲಿ ಎಣಿಸಿದ್ದಾನೆ. ಲೆಕ್ಕ ಹುಟ್ಟಿದ ದಿನವೇ ಕಳ್ಳಲೆಕ್ಕವೂ ಹುಟ್ಟಿತೆಂದು ತಿಳಿಯಬೇಕು.

ಇನ್ನು ಪಟ್ಟಿಯ ಸ್ವರೂಪ. ಎಡಗಡೆ ಕೆಲಸಗಾರನ ಹೆಸರು, ತಂದೆಯ ಅಥವಾ ಗಂಡನ ಹೆಸರು, ಮಾಡುವ ಕೆಲಸ. ನಡುವೆ ದಿನಕ್ಕೊಂದರಂತೆ ಚಿಕ್ಕ ಮನೆಗಳು. ಬಲಗಡೆ ಒಟ್ಟು ದಿನ, ದಿನದ ದರ, ಒಟ್ಟು ಕೂಲಿ, ಕಡಿತ, ಕೈಗೆ ಬರುವ ಮೊತ್ತ. ಕಟ್ಟಕಡೆಗೆ ಸಹಿ ಅಥವಾ ಹೆಬ್ಬೆಟ್ಟು. ಲೋಕೋಪಯೋಗಿ ಕೆಲಸಗಳ ಹಳೆಯ ಪದ್ಧತಿಯಲ್ಲಿ ಇದಕ್ಕೆ ಮೂರು ಭಾಗಗಳಿದ್ದವು. ಮೊದಲ ಭಾಗ ಹೆಸರು ಮತ್ತು ಹಾಜರಿ; ಎರಡನೆಯದು ಕೊಡದೆ ಉಳಿದ ಕೂಲಿಯ ಲೆಕ್ಕ; ಮೂರನೆಯದು ಆ ಜನ ಮಾಡಿದ ಕೆಲಸದ ಅಳತೆ. ಈ ಮೂರನೆಯ ಭಾಗದಲ್ಲಿಯೇ ಜಾಣತನವಿದೆ. ಇಪ್ಪತ್ತು ಆಳು ಹನ್ನೆರಡು ದಿನ ಅಗೆದರೆಂದು ಮೊದಲ ಭಾಗ ಹೇಳಿದರೆ, ಅಷ್ಟು ಜನ ಅಗೆಯಬಹುದಾದ ಮಣ್ಣು ಮೂರನೆಯ ಭಾಗದಲ್ಲಿ ಕಾಣಬೇಕು. ಒಂದು ಭಾಗದ ಸುಳ್ಳನ್ನು ಇನ್ನೊಂದು ಭಾಗ ಹಿಡಿದುಕೊಡುತ್ತದೆ.

ನಿಯಮಗಳೂ ಸರಳ. ಹಾಜರಿಯನ್ನು ದಿನದಿನವೂ ಕೆಲಸದ ಜಾಗದಲ್ಲಿಯೇ ಹಾಕಬೇಕು. ವಾರದ ಕೊನೆಯಲ್ಲಿ ಮನೆಯಲ್ಲಿ ಕುಳಿತು ತುಂಬಬಾರದು. ಪಟ್ಟಿಗೆ ಎರಡನೆಯ ಪ್ರತಿ ಕೂಡದು. ಖಾಲಿ ಮನೆ ಬಿಡಬಾರದು. ತಿದ್ದಿದರೆ ತಿದ್ದಿದವರು ಸಹಿ ಹಾಕಬೇಕು. ಮೂಗಿನ ನೇರಕ್ಕೆ ನೋಡಿದರೆ ಇವು ಗುಮಾಸ್ತರ ಕಟ್ಟಳೆಗಳಂತೆ ತೋರುತ್ತವೆ. ಆದರೆ ಒಂದೊಂದು ಕಟ್ಟಳೆಯ ಹಿಂದೆಯೂ ಯಾರದೋ ಕಳೆದುಹೋದ ಕೂಲಿ ಇದೆ.

ಮೋಸ ಹೇಗೆ ನಡೆಯುತ್ತದೆಂಬುದನ್ನು ಒಂದು ಲೆಕ್ಕದಿಂದ ನೋಡೋಣ. ದಿನದ ಕೂಲಿ ೫೦೦ ರೂಪಾಯಿ ಎಂದಿಟ್ಟುಕೊಳ್ಳಿ. ಪಟ್ಟಿಯಲ್ಲಿ ೨೦ ಜನ, ೧೨ ದಿನ. ಒಟ್ಟು ೧,೨೦,೦೦೦ ರೂಪಾಯಿ. ನಿಜವಾಗಿ ಬಂದವರು ೧೭ ಜನ. ಉಳಿದ ಮೂವರಲ್ಲಿ ಒಬ್ಬ ಊರುಬಿಟ್ಟವನು, ಒಬ್ಬ ಸತ್ತವನು, ಒಬ್ಬ ಮೇಸ್ತ್ರಿಯ ಭಾವಮೈದ. ಈ ಮೂವರ ಹೆಸರಿನಲ್ಲಿ ಹೋದದ್ದು ೧೮,೦೦೦ ರೂಪಾಯಿ. ಬಂದ ೧೭ ಜನಕ್ಕೂ ದಿನಕ್ಕೆ ೫೦ ರೂಪಾಯಿ ಕಡಮೆ ಕೊಟ್ಟರೆ ಇನ್ನೊಂದು ೧೦,೨೦೦ ರೂಪಾಯಿ. ಎರಡೂ ಸೇರಿ ೨೮,೨೦೦. ಮೊದಲನೆಯದು ಸರ್ಕಾರದ, ಎಂದರೆ ನಮ್ಮೆಲ್ಲರ, ಹಣ. ಎರಡನೆಯದು ಬಡವನ ಬೆವರಿನ ಹಣ. ಎರಡನ್ನೂ ನುಂಗಿದ ಪಟ್ಟಿ ಕೂಡಿಸಿ ನೋಡಿದರೆ ಒಂದು ಕಾಸೂ ತಪ್ಪದೆ ತಾಳೆ ಬೀಳುತ್ತದೆ! ಇನ್ನೊಂದು ಬಗೆ ಇನ್ನೂ ಸೂಕ್ಷ್ಮವಾದುದು: ಗಾರೆ ಕೆಲಸ ಬಲ್ಲವನನ್ನು ಪಟ್ಟಿಯಲ್ಲಿ ಬರಿಯ ಆಳೆಂದು ಬರೆಯುವುದು. ದಿನಗಳು ಸರಿ, ಕೂಡಿಕೆ ಸರಿ; ಕೆಲಸದ ಹೆಸರೊಂದೇ ತಪ್ಪು. ಒಂದು ಶಬ್ದ ಬದಲಾದರೆ ಕೂಲಿ ಬದಲಾಗುತ್ತದೆಂಬುದನ್ನು ವ್ಯಾಕರಣದ ಮೇಷ್ಟರು ಮಕ್ಕಳಿಗೆ ಹೇಳಿಕೊಡಬೇಕಾದ ಕಾಲ ಇದು.

ಕಾಯಿದೆ ಇದನ್ನು ಹೇಗೆ ತಡೆಯಹೊರಟಿತು? ೧೯೩೬ರ ವೇತನ ಪಾವತಿ ಕಾಯಿದೆ, ೧೯೪೮ರ ಕನಿಷ್ಠ ವೇತನ ಕಾಯಿದೆಗಳು ಹೊತ್ತಿಗೆ ಸರಿಯಾಗಿ ಕೊಡಬೇಕೆಂದೂ, ಗೊತ್ತುಮಾಡಿದ ದರಕ್ಕಿಂತ ಕಡಮೆ ಕೊಡಬಾರದೆಂದೂ, ಅದಕ್ಕೆ ಪುಸ್ತಕ ಇಡಬೇಕೆಂದೂ ವಿಧಿಸಿದವು. ಗುತ್ತಿಗೆಯ ಆಳುಗಳಿಗಾಗಿ ೧೯೭೦ರಲ್ಲಿ ಬೇರೊಂದು ಕಾಯಿದೆ ಬಂದಿತು. ಅದರ ಒಂದು ಏರ್ಪಾಡು ನನ್ನ ಮನಸ್ಸಿಗೆ ಬಹಳ ಹಿಡಿಸಿತು. ಗುತ್ತಿಗೆದಾರ ಬಟವಾಡೆ ಮಾಡುವಾಗ ಕೆಲಸ ಕೊಟ್ಟ ಇಲಾಖೆಯ ಪ್ರತಿನಿಧಿ ಅಲ್ಲಿಯೇ ನಿಂತು ನೋಡಬೇಕು. ಇಂಥ ದಿನ, ಇಂಥ ಜಾಗದಲ್ಲಿ, ನನ್ನ ಸಮಕ್ಷಮ ಈ ಹಣ ಈ ಆಳಿಗೆ ಸಂದಿತು ಎಂದು ಪಟ್ಟಿಯ ಕೆಳಗೆ ಸಹಿ ಹಾಕಬೇಕು. ಗುತ್ತಿಗೆದಾರ ಕೊಡದಿದ್ದರೆ ಇಲಾಖೆಯೇ ಕೊಟ್ಟು, ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಬೇಕು. ಕೆಲಸ ನಮ್ಮದು, ಆಳು ಅವನದು ಎಂದು ಕೈತೊಳೆದುಕೊಳ್ಳಲು ಇಲ್ಲಿ ಎಡೆಯಿರಲಿಲ್ಲ.

ಅಮೆರಿಕದಲ್ಲಿ ಇದೇ ಪ್ರಶ್ನೆ ಬೇರೆ ದಾರಿಯಿಂದ ಬಂದಿತು. ಅಗ್ಗದ ಆಳುಗಳನ್ನು ದೂರದಿಂದ ತಂದು ಸರ್ಕಾರಿ ಕಟ್ಟಡಗಳ ಗುತ್ತಿಗೆಯನ್ನು ಕಡಮೆ ದರಕ್ಕೆ ಹಿಡಿಯುವವರಿದ್ದರು. ಆಳಿಗೆ ನ್ಯಾಯವಾಗಿ ಕೊಡುವ ಗುತ್ತಿಗೆದಾರ ಟೆಂಡರಿನಲ್ಲಿ ಸೋಲುತ್ತಿದ್ದ, ಕೊಡದವನು ಗೆಲ್ಲುತ್ತಿದ್ದ. ಆದಕಾರಣ ೧೯೩೧ರಲ್ಲಿ ಡೇವಿಸ್ ಮತ್ತು ಬೇಕನ್ ಎಂಬಿಬ್ಬರ ಹೆಸರಿನ ಕಾಯಿದೆಯಾಯಿತು: ಆಯಾ ಸೀಮೆಯಲ್ಲಿ ರೂಢಿಯಲ್ಲಿರುವ ಕೂಲಿಯನ್ನೇ ಸರ್ಕಾರಿ ಕಟ್ಟಡಗಳಲ್ಲಿ ಕೊಡಬೇಕು. ಆದರೂ ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿಯುವುದು ನಿಲ್ಲಲಿಲ್ಲ. ೧೯೩೪ರಲ್ಲಿ ಕೋಪ್‌ಲಂಡ್ ಕಾಯಿದೆ ಬಂದು, ಕೊಟ್ಟ ಕೂಲಿಯನ್ನು ಮರಳಿ ಕಸಿಯುವುದನ್ನು ಅಪರಾಧವೆಂದು ಸಾರಿತು. ಅಂದಿನಿಂದ ಅಲ್ಲಿಯ ಗುತ್ತಿಗೆದಾರ ವಾರವಾರವೂ ಕೂಲಿಯ ಲೆಕ್ಕ ಒಪ್ಪಿಸಬೇಕು, ಇದು ನಿಜವೆಂದು ಸಹಿ ಹಾಕಬೇಕು, ಸುಳ್ಳಾದರೆ ಶಿಕ್ಷೆ. ಕೂಲಿಯ ದರಗಳನ್ನು ಕೆಲಸದ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಮೇಲಧಿಕಾರಿಗೆ ಒಪ್ಪಿಸುವ ಲೆಕ್ಕ, ಆಳಿನ ಕಣ್ಣಿಗೆ ಕಾಣುವ ಫಲಕ, ಎರಡೂ ಬೇಕೆಂಬುದು ಇದರ ತಿರುಳು.

ನಮ್ಮ ದೇಶದಲ್ಲಿ ಈ ವಿಚಾರವನ್ನು ಎತ್ತರಕ್ಕೆ ಒಯ್ದದ್ದು ೧೯೮೨ರ ಒಂದು ತೀರ್ಪು. ಅದೇ ವರ್ಷ ದೆಹಲಿಯಲ್ಲಿ ಏಷ್ಯಾ ಕ್ರೀಡೆಗಳು. ಕ್ರೀಡಾಂಗಣ, ಮೇಲ್ಸೇತುವೆಗಳ ಕೆಲಸ ಹಗಲಿರುಳು ಸಾಗಿತ್ತು. ಕನಿಷ್ಠ ಕೂಲಿ ದಿನಕ್ಕೆ ೯ ರೂಪಾಯಿ ೨೫ ಪೈಸೆ. ಗುತ್ತಿಗೆದಾರರು ಅದನ್ನು ಜಮಾದಾರರ ಕೈಗೆ ಕೊಡುತ್ತಿದ್ದರು. ಜಮಾದಾರರು ತಲೆಗೆ ಒಂದೊಂದು ರೂಪಾಯಿ ಹಿಡಿದುಕೊಂಡು ೮ ರೂಪಾಯಿ ೨೫ ಪೈಸೆಯಷ್ಟನ್ನು ಆಳಿಗೆ ಕೊಡುತ್ತಿದ್ದರು. ಪ್ರಜಾಸತ್ತಾತ್ಮಕ ಹಕ್ಕುಗಳ ಸಂಘಟನೆಯೊಂದು ಈ ಸಂಗತಿಯನ್ನು ತಿಳಿಸಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರಿಗೆ ಒಂದು ಕಾಗದ ಬರೆಯಿತು. ಸುಪ್ರೀಂ ಕೋರ್ಟು ಆ ಕಾಗದವನ್ನೇ ಅರ್ಜಿಯೆಂದು ಎಣಿಸಿ ವಿಚಾರಣೆ ನಡೆಸಿತು.

ಸಂವಿಧಾನದ ೨೩ನೆಯ ಅನುಚ್ಛೇದ ಬೇಗಾರನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸುತ್ತದೆ. ಆದರೆ ಇಲ್ಲಿ ಯಾರ ಕೈಕಾಲನ್ನೂ ಕಟ್ಟಿರಲಿಲ್ಲವಲ್ಲ! ನ್ಯಾಯಾಲಯ ಹೇಳಿದ ಸಾರಾಂಶ ಇಷ್ಟು: ಹಸಿವೂ ಒಂದು ಬಲವಂತವೇ. ತನಗೆ ಸಲ್ಲಬೇಕಾದ ಕನಿಷ್ಠ ಕೂಲಿಗಿಂತ ಕಡಮೆಗೆ ಒಬ್ಬನು ದುಡಿಯುತ್ತಿದ್ದಾನೆಂದರೆ ಅವನನ್ನು ಏನೋ ಒಂದು ಬಲವಂತ ನೂಕುತ್ತಿದೆಯೆಂದೇ ಅರ್ಥ. ಅದು ಬಲವಂತದ ದುಡಿಮೆಯೇ ಸರಿ. ಇದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಕೂಲಿಯಲ್ಲಿ ಒಂದು ರೂಪಾಯಿ ಕಡಮೆಯಾದರೂ ಆ ದುಡಿಮೆ ಬಿಟ್ಟಿಯ ಸಾಲಿಗೆ ಸೇರುತ್ತದೆ. ಮರುವರ್ಷ, ೧೯೮೩ರಲ್ಲಿ, ರಾಜಸ್ಥಾನದ ಬರಪರಿಹಾರದ ರಸ್ತೆ ಕೆಲಸದ ಮೊಕದ್ದಮೆ ಬಂದಿತು. ಬರಗಾಲದ ಕೆಲಸಕ್ಕೆ ಕನಿಷ್ಠ ಕೂಲಿಯ ನಿಯಮ ಬೇಡವೆಂದು ಆ ರಾಜ್ಯ ೧೯೬೪ರಲ್ಲಿಯೇ ಕಾಯಿದೆ ಮಾಡಿಕೊಂಡಿತ್ತು. ಜನರ ಅಸಹಾಯಕತೆಯಿಂದ ಸರ್ಕಾರ ಲಾಭ ಪಡೆಯಲಾಗದೆಂದು ನ್ಯಾಯಾಲಯ ಆ ವಿನಾಯಿತಿಯನ್ನು ತಳ್ಳಿಹಾಕಿತು.

ತೀರ್ಪು ಬಂದರೂ ಪಟ್ಟಿ ಕಪಾಟಿನಲ್ಲಿಯೇ ಇತ್ತು. ಅದನ್ನು ಬೀದಿಗೆ ತಂದವರು ರಾಜಸ್ಥಾನದ ಹಳ್ಳಿಗರು. ೧೯೯೦ರಲ್ಲಿ ಅಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಎಂಬ ಸಂಘ ಹುಟ್ಟಿತು. ೧೯೯೪ರ ಡಿಸೆಂಬರ್ ೨ರಂದು ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ಅವರು ಮೊದಲ ಜನಸುನವಾಯಿ, ಎಂದರೆ ಜನರ ಮುಂದೆ ವಿಚಾರಣೆ, ನಡೆಸಿದರು. ಮಾಡಿದ್ದು ದೊಡ್ಡದೇನೂ ಅಲ್ಲ. ಕೂಲಿಪಟ್ಟಿಯ ಹೆಸರುಗಳನ್ನು ಗಟ್ಟಿಯಾಗಿ ಓದಿದರು. ಅಷ್ಟೇ ಸಾಕಾಯಿತು. ಇಂಥವನು ಊರಲ್ಲೇ ಇಲ್ಲ, ಇಂಥವಳು ಆ ಕೆಲಸಕ್ಕೆ ಹೋಗಲೇ ಇಲ್ಲ ಎಂದು ಜನರೇ ಹೇಳತೊಡಗಿದರು. ಲೆಕ್ಕಪರಿಶೋಧಕನಿಗೆ ಅಂಕಿ ಗೊತ್ತು. ಸತ್ತವರಾರು, ಬದುಕಿದವರಾರು ಎಂಬುದು ಊರಿಗೇ ಗೊತ್ತು. ಪಟ್ಟಿಯ ಪ್ರತಿಯನ್ನು ಕೇಳುವ ಹಕ್ಕು ಬೇಕೆಂದು ೧೯೯೬ರಲ್ಲಿ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನ ಧರಣಿ ಕುಳಿತರು. ೨೦೦೫ರ ಮಾಹಿತಿ ಹಕ್ಕು ಕಾಯಿದೆಯ ಬೇರುಗಳಲ್ಲಿ ಒಂದು ಈ ಮಸ್ಟರ್ ರೋಲಿನ ಜಗಳದಲ್ಲಿದೆ ಎಂದರೆ ಅನೇಕರಿಗೆ ಆಶ್ಚರ್ಯವಾಗಬಹುದು.

ಅದೇ ೨೦೦೫ರಲ್ಲಿ ಗ್ರಾಮೀಣ ಉದ್ಯೋಗ ಖಾತ್ರಿ ಕಾಯಿದೆಯೂ ಆಯಿತು. ೨೦೦೬ರಲ್ಲಿ ನಮ್ಮ ರಾಜ್ಯದ ಬೀದರ, ಗುಲಬರ್ಗಾ, ರಾಯಚೂರು, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಅದು ಮೊದಲು ಜಾರಿಗೆ ಬಂದಿತು. ಗುತ್ತಿಗೆದಾರರಿಗೆ ಅದರಲ್ಲಿ ಜಾಗವಿರಲಿಲ್ಲ. ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದಿತ್ತು. ಗ್ರಾಮಸಭೆಯಲ್ಲಿ ಸಾಮಾಜಿಕ ಲೆಕ್ಕಪರಿಶೋಧನೆ ನಡೆಯಬೇಕಿತ್ತು. ಕೂಲಿ ಬ್ಯಾಂಕಿನ ಖಾತೆಗೇ ಹೋಗತೊಡಗಿತು. ೨೦೨೩ರ ಜನವರಿಯಿಂದ ಹಾಜರಿಯನ್ನು ಮೊಬೈಲಿನಲ್ಲಿ, ದಿನಕ್ಕೆ ಎರಡು ಬಾರಿ ಭಾವಚಿತ್ರದೊಡನೆ, ಹಾಕಬೇಕೆಂದಾಯಿತು. ಇನ್ನು ಸುಳ್ಳಿಗೆ ಎಡೆಯಿಲ್ಲವೆಂದು ಎಲ್ಲರೂ ಎಣಿಸಿದರು. ಆದರೆ ಕೆಲಸಕ್ಕೆ ಸಂಬಂಧವೇ ಇಲ್ಲದ ಚಿತ್ರಗಳನ್ನೂ, ಚಿತ್ರದ ಚಿತ್ರವನ್ನೂ ಕಳಿಸುತ್ತಿದ್ದಾರೆಂದು ೨೦೨೫ರ ಜುಲೈನಲ್ಲಿ ಕೇಂದ್ರ ಸಚಿವಾಲಯವೇ ರಾಜ್ಯಗಳಿಗೆ ಬರೆಯಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಈ ಕಾಯಿದೆಯ ಸ್ಥಾನಕ್ಕೆ ಇನ್ನೊಂದನ್ನು ಸಂಸತ್ತು ಅಂಗೀಕರಿಸಿತು. ಕಾಯಿದೆಯ ಹೆಸರು ಬದಲಾಗಬಹುದು. ತಲೆಯೆತ್ತಿ ನೋಡಿ ಗುರುತು ಹಾಕುವವನ ಪ್ರಾಮಾಣಿಕತೆಗೆ ಬದಲಿ ಇನ್ನೂ ಸಿಕ್ಕಿಲ್ಲ.

೨೦೨೫ರ ನವೆಂಬರ್ ೨೧ರಿಂದ ನಾನು ಮೇಲೆ ಹೇಳಿದ ೧೯೩೬, ೧೯೪೮, ೧೯೭೦ರ ಕಾಯಿದೆಗಳ ಜಾಗದಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ತತ್ತ್ವಗಳು ಮಾತ್ರ ಉಳಿದಿವೆ. ಮಾಲೀಕ ಪುಸ್ತಕ ಇಡಬೇಕು. ಕೆಲಸಗಾರನಿಗೆ ವೇತನದ ಚೀಟಿ ಕೊಡಬೇಕು. ಕನಿಷ್ಠ ಕೂಲಿಗಿಂತ ಕಡಮೆ ಕೊಡಬಾರದು. ಹೊತ್ತು ಮೀರಿ ದುಡಿಸಿದರೆ ಇಮ್ಮಡಿ ದರ ಕೊಡಬೇಕು. ಕಾಯಿದೆ ಹೇಳಿದ ಕಾರಣಗಳಿಗಲ್ಲದೆ ಕೂಲಿಯಲ್ಲಿ ಹಿಡಿಯಬಾರದು. ಹಿಡಿದರೂ ಒಟ್ಟು ಅರ್ಧಕ್ಕೆ ಮೀರಬಾರದು. ಗುತ್ತಿಗೆದಾರ ತಪ್ಪಿದರೆ ಕೆಲಸ ಕೊಟ್ಟ ಮುಖ್ಯ ಮಾಲೀಕ ಹೊಣೆ.

ಇಷ್ಟೆಲ್ಲ ತಿಳಿದ ಮೇಲೆ ನಾವು ಮಾಡಬೇಕಾದುದೇನು? ತಮ್ಮ ಊರಿನಲ್ಲಿ ಸರ್ಕಾರಿ ಕೆಲಸ ನಡೆಯುತ್ತಿದ್ದರೆ ಐದು ಪ್ರಶ್ನೆಗಳನ್ನು ಕೇಳಿ. ಕೂಲಿಯ ದರ ಎಲ್ಲರಿಗೂ ಕಾಣುವಂತೆ ಬರೆದಿದೆಯೆ? ಹಾಜರಿ ಅಲ್ಲಿಯೇ, ಅಂದೇ ಬೀಳುತ್ತಿದೆಯೆ? ಪಟ್ಟಿಯಲ್ಲಿರುವ ಹೆಸರಿಗೆ ತಕ್ಕ ಮನುಷ್ಯ ಅಲ್ಲಿದ್ದಾನೆಯೆ? ಅವನು ಮಾಡುವ ಕೆಲಸವೂ ಬರೆದ ಕೆಲಸವೂ ಒಂದೆಯೆ? ಬಟವಾಡೆಯಾದ ಮೇಲೆ ಹಣದಲ್ಲಿ ಪಾಲು ಕೇಳಲು ಯಾರಾದರೂ ಬರುತ್ತಾರೆಯೆ? ಕೊನೆಯ ಪ್ರಶ್ನೆಗೆ ಉತ್ತರ ಯಾವ ಕಾಗದದಲ್ಲಿಯೂ ದೊರೆಯದು. ಬ್ಯಾಂಕಿಗೆ ಹೋದ ಹಣವೂ ಬಾಗಿಲು ದಾಟಿದ ಮೇಲೆ ಕೈ ಬದಲಾಯಿಸಬಲ್ಲುದು. ಅದಕ್ಕೆ ಆಳನ್ನೇ ಕೇಳಬೇಕು. ಅದೂ ಮೇಸ್ತ್ರಿಯ ಮುಂದಲ್ಲ, ಅವರ ಮನೆಯ ಅಂಗಳದಲ್ಲಿ.

ನನ್ನ ಶಿಷ್ಯನ ತಾಯಿಯ ಮಾತಿನಿಂದಲೇ ಮುಗಿಸುತ್ತೇನೆ. ಸಹಿ ಹಾಕುವುದನ್ನು ಕಲಿಸಿಕೊಡಲೇ ಎಂದು ಆಕೆಯನ್ನು ಕೇಳಿದೆ. “ಸಹಿ ಆಮೇಲೆ ಕಲೀತೀನಿ ಮೇಷ್ಟ್ರೇ, ಮೊದಲು ಅಂಕಿ ಓದೋದು ಕಲಿಸಿ” ಎಂದರು. ಸಂಜೆಯ ಹೊತ್ತು, ಮಗನ ಸ್ಲೇಟಿನ ಮೇಲೆ, ಒಂದು ವಾರದಲ್ಲಿ ಕಲಿತರು. ಕೆಲಸಕ್ಕೆ ಹೋದ ದಿನಗಳಿಗೆ ಕ್ಯಾಲೆಂಡರಿನಲ್ಲಿ ಸೊನ್ನೆ ಸುತ್ತುವುದನ್ನೂ ಕಲಿತರು. ಮುಂದಿನ ಬಟವಾಡೆಯ ದಿನ ಮತ್ತೆ ಜಗಲಿಗೆ ಬಂದರು. “ಪಟ್ಟಿಯಲ್ಲಿ ಹನ್ನೆರಡು ದಿನ ಅಂತ ಬರೆದಿದ್ರು. ಹನ್ನೊಂದು ದಿನದ ದುಡ್ಡು ಕೈಗಿಟ್ರು. ಇದು ಹನ್ನೆರಡು ಅಲ್ವಾ ಅಂತ ಬೆರಳಿಟ್ಟು ತೋರಿಸಿದೆ. ಮಾತಾಡದೆ ಕೊಟ್ಟರು” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: “ನನ್ನ ಪಕ್ಕದವಳಿಗೂ ಹಾಗೇ ಕಡಿಮೆ ಕೊಟ್ಟಿದ್ರು ಮೇಷ್ಟ್ರೇ. ಅವಳಿಗೆ ಓದೋಕೆ ಬರೋಲ್ಲ. ನಾಳೆ ಅವಳನ್ನೂ ಕರ್ಕೊಂಡು ಬರ್ಲಾ?”

ಕರೆತನ್ನಿ ಎಂದೆ. ಈಗ ನಮ್ಮ ಜಗಲಿಯಲ್ಲಿ ಸಂಜೆ ಆರು ಮಂದಿ ಕುಳಿತು ಅಂಕಿ ಬರೆಯುತ್ತಾರೆ. ಅವರ ಹಾಜರಿಯನ್ನು ನಾನು ತಲೆಯೆತ್ತಿ ನೋಡಿಯೇ ಹಾಕುತ್ತೇನೆ.